ಮೊದಲು ಲೆಕ್ಕ, ಆಮೇಲೆ ಮಾರಾಟ: ಮಲೆನಾಡಿನ ಮನೆಗಳಿಗೆ ಸಾಲ ತೀರಿಸುವ ಮಾರ್ಗದರ್ಶಿ

ಸಾಲ ಕುತ್ತಿಗೆಗೆ ಬಂದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಏನನ್ನಾದರೂ ಮಾರುವುದು. ಬೈಕೋ ಬಳೆಯೋ ಹೋಗುತ್ತದೆ. ದುಡ್ಡು ಖಾತೆಗೆ ಬರುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ಅಂಗಡಿ ಉದ್ರಿ, ಮಗಳ ಫೀಸು, ಯಾರದೋ ಗೃಹಪ್ರವೇಶದ ಮುಯ್ಯಿ ಅಂತ ಅದು ಖಾಲಿ. ಸಾಲ ಇದ್ದಲ್ಲೇ ಇರುತ್ತದೆ, ಬೈಕ್ ಮಾತ್ರ ಇರುವುದಿಲ್ಲ.

ಇಲ್ಲಿ ಎಡವುವುದು ಕ್ರಮದಲ್ಲಿ. ಅದಕ್ಕೇ ಈ ಬರಹದಲ್ಲಿ ಮಾರಾಟ ಬರುವುದು ಐದನೇ ಹಂತಕ್ಕೆ. ಅವಸರ ಇದೆ ಅಂತ ನೇರ ಅಲ್ಲಿಗೆ ಹಾರಬೇಡಿ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಒಂದು ನೋಟ್‌ಬುಕ್, ಎಲ್ಲ ಪಾಸ್‌ಬುಕ್‌ಗಳು, ಸೊಸೈಟಿಯ ಸಾಲದ ಚೀಟಿ, ಕಾರ್ಡಿನ ಕಳೆದ ಮೂರು ತಿಂಗಳ ಸ್ಟೇಟ್‌ಮೆಂಟ್, ಫೋನ್‌ಪೇ ಅಥವಾ ಗೂಗಲ್‌ಪೇ ಹಿಸ್ಟರಿ. ಜೊತೆಗೆ ಮನೆಯ ಇನ್ನೊಬ್ಬರು. ಒಬ್ಬರೇ ಗುಟ್ಟಾಗಿ ಕೂತು ಮಾಡಿದ ಲೆಕ್ಕ ಮೊದಲ ಹಬ್ಬಕ್ಕೇ ಮುರಿದು ಬೀಳುತ್ತದೆ.

ಹಂತ 1: ಸಾಲಗಳನ್ನೆಲ್ಲ ಒಂದೇ ಹಾಳೆಗೆ ತನ್ನಿ

ಪ್ರತಿ ಸಾಲಕ್ಕೂ ಐದು ವಿಷಯ ಬರೆಯಿರಿ: ಯಾರಿಗೆ ಕೊಡಬೇಕು, ಅಸಲು ಎಷ್ಟು ಉಳಿದಿದೆ, ತಿಂಗಳಿಗೆ ಬಡ್ಡಿ ಎಷ್ಟು, ಕೊನೆಯ ದಿನ ಯಾವುದು, ಏನು ಅಡ ಇಟ್ಟಿದ್ದೀರಿ. ಖಾಲಿ ಚೆಕ್ ಕೊಟ್ಟಿದ್ದರೆ, ಪ್ರೋನೋಟಿಗೆ ಸಹಿ ಹಾಕಿದ್ದರೆ ಅದನ್ನೂ ಚೆಕ್ ನಂಬರ್ ಸಮೇತ ಬರೆಯಿರಿ. ಕೊನೆಯ ಹಂತದಲ್ಲಿ ಇದು ಬೇಕಾಗುತ್ತದೆ.

ನಮ್ಮ ಕಡೆಯ ಸಾಲಗಳಿಗೆ ಹಲವು ಮುಖ. ಸೊಸೈಟಿಯ ಬೆಳೆ ಸಾಲ, ಚಿನ್ನದ ಸಾಲ, ಸಂಘದ ವಾರದ ಕಂತು, ಅಡಿಕೆ ಮಂಡಿಯಲ್ಲಿ ತಂದ ಮುಂಗಡ, ಭಾವನ ಹತ್ತಿರದ ಕೈಗಡ, ಮೊಬೈಲಿಗೆ ಹಾಕಿಸಿದ ಇಎಂಐ. ಮಂಡಿ ಮುಂಗಡ ಮತ್ತು ಅಂಗಡಿ ಉದ್ರಿಯನ್ನು ಜನ ಸಾಲ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಿಡಿಯಿರಿ.

ಮರೆತ ಸಾಲವೂ ಇರಬಹುದು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್, ಎಲ್ಲರ ಸಾಲದ ದಾಖಲೆ ಇಡುವ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಒಂದನ್ನಾದರೂ ತೆಗೆಸಿ ನೋಡಿ. ಯಾವತ್ತೋ ಸ್ನೇಹಿತನಿಗೆ ಹಾಕಿದ ಜಾಮೀನು ಅಲ್ಲಿ ಕಾಣಿಸಿಕೊಳ್ಳುವುದುಂಟು.

ಬಡ್ಡಿಯನ್ನು ಎಲ್ಲದಕ್ಕೂ ಒಂದೇ ಅಳತೆಗೆ ತನ್ನಿ, ಅಂದರೆ ವರ್ಷದ ಲೆಕ್ಕಕ್ಕೆ. "ನೂರಕ್ಕೆ ಮೂರು" ಅಂದರೆ ತಿಂಗಳಿಗೆ 3%, ವರ್ಷಕ್ಕೆ 36%. "ಬರೀ 12 ಪರ್ಸೆಂಟ್, ಫ್ಲಾಟ್" ಅಂತ ಕೊಟ್ಟ ಸಾಲ ಇನ್ನೊಂದು ಮೋಸದ ಜಾಗ. 1 ಲಕ್ಷಕ್ಕೆ ಎರಡು ವರ್ಷದ ಬಡ್ಡಿ 24,000 ಸೇರಿಸಿ, ಅದನ್ನು 24 ಕಂತು ಮಾಡಿ, ತಿಂಗಳಿಗೆ 5,167 ಕಟ್ಟಿಸಿಕೊಳ್ಳುತ್ತಾರೆ. ನೀವು ಅಸಲನ್ನು ತಿಂಗಳು ತಿಂಗಳು ಇಳಿಸುತ್ತಾ ಬಂದರೂ ಬಡ್ಡಿ ಮಾತ್ರ ಪೂರ್ತಿ ಲಕ್ಷದ ಮೇಲೇ. ಬ್ಯಾಂಕಿನವರು ಇಳಿಯುವ ಬಾಕಿಯ ಮೇಲೆ ಹಾಕುವ ಲೆಕ್ಕಕ್ಕೆ ತಂದರೆ ಇದು ಸುಮಾರು 21.5% ಆಗುತ್ತದೆ.

ಕ್ರೆಡಿಟ್ ಕಾರ್ಡನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬಾಕಿ 50,000, ಬಡ್ಡಿ ತಿಂಗಳಿಗೆ 3.5% ಅಂತಿಟ್ಟುಕೊಳ್ಳಿ. ಬಡ್ಡಿ 1,750. ಅದರ ಮೇಲೆ 18% ಜಿಎಸ್‌ಟಿ 315. ಒಟ್ಟು 2,065. ನೀವು "ಮಿನಿಮಮ್ ಡ್ಯೂ" ಅಂತ 5% ಅಂದರೆ 2,500 ಕಟ್ಟಿದಿರಿ. ಅಸಲಿಗೆ ಹೋದದ್ದು 435 ರೂಪಾಯಿ. ಅದೇ ತಿಂಗಳು ಕಾರ್ಡಲ್ಲಿ 500 ರೂಪಾಯಿ ಪೆಟ್ರೋಲ್ ಹಾಕಿಸಿದರೆ ಸಾಲ ಇಳಿಯಲೇ ಇಲ್ಲ. ಇನ್ನೊಂದು ವಿಷಯ: ಹಳೆ ಬಾಕಿ ಇರುವಷ್ಟು ಕಾಲ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಆ 500ಕ್ಕೂ ಅವತ್ತಿಂದಲೇ ಬಡ್ಡಿ ಶುರು.

ಹಂತ 2: ಹೊಸ ಸಾಲ ನಿಲ್ಲಿಸಿ

ಇದು ಸಣ್ಣ ಹಂತ, ಒಂದು ಸಂಜೆ ಸಾಕು. ಆದರೆ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ.

ಕಾರ್ಡನ್ನು ಪರ್ಸಿನಿಂದ ತೆಗೆದು ಬೀರುವಿನಲ್ಲಿಡಿ. ಶಾಪಿಂಗ್ ಆಪ್‌ಗಳಲ್ಲಿ ಉಳಿಸಿಟ್ಟ ಕಾರ್ಡ್ ನಂಬರ್ ಅಳಿಸಿ. "ಈಗ ಕೊಳ್ಳಿ, ಆಮೇಲೆ ಕೊಡಿ" ಸೌಲಭ್ಯವನ್ನು ಆಫ್ ಮಾಡಿ. ದಿನಸಿ ಅಂಗಡಿಯವರಿಗೆ "ಶೆಟ್ರೇ, ಇನ್ನು ಮೇಲೆ ಬರ್ಕೊಳ್ಳೋದು ಬೇಡ, ಹಳೇದನ್ನ ತಿಂಗಳಿಗಿಷ್ಟು ಅಂತ ಕೊಡ್ತೀನಿ" ಅಂತ ನೀವೇ ಹೋಗಿ ಹೇಳಿ. ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಮುಖ ತಪ್ಪಿಸಿ ಬೇರೆ ಅಂಗಡಿಗೆ ಹೋದರೆ ಮಾತ್ರ ಬೇಜಾರಾಗುತ್ತದೆ.

ಮಾಡಬೇಕಾದ ಇನ್ನೊಂದು ಕೆಲಸ, ಆಪತ್ತಿಗೆ ಅಂತ ಒಂದಿಷ್ಟು ಬೇರೆ ಖಾತೆಯಲ್ಲಿ ಇಡುವುದು. ಒಂದು ತಿಂಗಳ ಊಟ, ಔಷಧಿ, ಓಡಾಟಕ್ಕೆ ಆಗುವಷ್ಟು ಸಾಕು. ಸಾಲ ಇರುವಾಗ ದುಡ್ಡು ಸುಮ್ನೆ ಇಡುವುದು ದಡ್ಡತನ ಅನ್ನಿಸಬಹುದು. ಆದರೆ ಮಳೆಗಾಲದಲ್ಲಿ ಮಗುವಿಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಬೇಕಾದಾಗ ಈ ಹಣ ಇಲ್ಲದಿದ್ದರೆ ಮತ್ತೆ ಮೂರರ ಬಡ್ಡಿಯವರ ಮನೆ ಬಾಗಿಲಿಗೇ ಹೋಗಬೇಕು.

ಹಂತ 3: ತಿಂಗಳ ಬಜೆಟ್ ಬೇಡ, ವರ್ಷದ್ದು ಮಾಡಿ

ಬೆಂಗಳೂರಿನ ಸಂಬಳದವರಿಗೆ ಬರೆದ ಬಜೆಟ್ ಸೂತ್ರಗಳು ನಮ್ಮಲ್ಲಿ ಕೆಲಸ ಮಾಡದಿರಲು ಕಾರಣ ಇದೆ. ಇಲ್ಲಿ ಖರ್ಚು ಕಾಲಕ್ಕೆ ತಕ್ಕ ಹಾಗೆ ಬರುತ್ತದೆ. ತೋಟ ಇದ್ದರೆ ಆದಾಯವೂ ಹಾಗೇ.

ಮೊದಲು ಕಳೆದ ಮೂರು ತಿಂಗಳ ಯುಪಿಐ ಹಿಸ್ಟರಿ ತೆಗೆದು ಓದಿ. ಶಿವಮೊಗ್ಗದ ಗೋಪಿ ಸರ್ಕಲ್ಲಿನ ಕಾಫಿ ನಿಮ್ಮನ್ನು ಮುಳುಗಿಸಿರುವುದಿಲ್ಲ. ನೋಡಬೇಕಾದ್ದು ತಾನಾಗಿ ಕಟ್ ಆಗುವ ಒಟಿಟಿ ಮತ್ತು ಆಪ್ ಚಂದಾಗಳು, ವಾರಕ್ಕೆರಡು ಸಲ ಪಾರ್ಸೆಲ್ ಊಟ, ಇಬ್ಬರು ಬೇರೆ ಬೇರೆ ಗಾಡಿಯಲ್ಲಿ ಹೋಗುವ ಪೆಟ್ರೋಲ್ ಇಂಥವನ್ನು.

ಆಮೇಲೆ ಕ್ಯಾಲೆಂಡರ್ ಹಿಡಿದುಕೊಂಡು ವರ್ಷದ ದೊಡ್ಡ ಖರ್ಚುಗಳನ್ನು ಬರೆಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ಮದುವೆಗಳು, ಮುಯ್ಯಿ. ಜೂನಿನಲ್ಲಿ ಶಾಲೆ, ರೇನ್‌ಕೋಟು, ಸೌದೆ. ಆಮೇಲೆ ಗಣಪತಿ, ದೀಪಾವಳಿ. ಗಾಡಿಯ ಇನ್ಶೂರೆನ್ಸ್. ಜಾತ್ರೆಯನ್ನು ಮರೆಯಬೇಡಿ. ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ. ಮನೆ ತುಂಬ ನೆಂಟರು ಬರುತ್ತಾರೆ ಅಂತ ವರ್ಷಗಳ ಮುಂಚೆಯೇ ಗೊತ್ತಿರುವ ಖರ್ಚನ್ನು "ಅಚಾನಕ್ಕಾಗಿ ಬಂತು" ಅನ್ನುವಂತಿಲ್ಲ, ಅಲ್ವಾ? ಎಲ್ಲ ಕೂಡಿಸಿ 12ರಿಂದ ಭಾಗಿಸಿ. ಅಷ್ಟನ್ನು ಪ್ರತಿ ತಿಂಗಳು ಬೇರೆ ತೆಗೆದಿಡಿ.

ತೋಟದವರಿಗೆ ಒಂದು ಎಚ್ಚರಿಕೆ. ಬೇಗ ಸಾಲ ತೀರಲಿ ಅಂತ ಬೋರ್ಡೋ ಸಿಂಪಡಣೆಗೆ ಕತ್ತರಿ ಹಾಕಬೇಡಿ. ಮೈಲುತುತ್ತ, ಸುಣ್ಣ ಮತ್ತು ಮರ ಹತ್ತಿ ಹೊಡೆಯುವ ಕೊನೆಗೌಡರ ಕೂಲಿ ಉಳಿಯಿತು ಅಂತ ಖುಷಿಪಡುವಷ್ಟರಲ್ಲಿ ಕೊಳೆ ರೋಗ ಬಂದು ಎಳೆಗಾಯಿ ಉದುರಿದರೆ, ಸಾಲ ತೀರಿಸಬೇಕಾದ ಫಸಲೇ ನೆಲಕ್ಕೆ. ಅದು "ಕಡ್ಡಾಯ ಖರ್ಚು" ಸಾಲಿನಲ್ಲಿ ಅಕ್ಕಿ, ಗ್ಯಾಸಿನ ಜೊತೆಗೇ ಇರಬೇಕು.

ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ನಂಬಿ ಯಾವ ಕಂತನ್ನೂ ಕಟ್ಟಿಕೊಳ್ಳಬೇಡಿ. ಕೆಲವು ಸಲ ತಡವಾಗಿ ಬರುತ್ತದೆ. ಬಂದಾಗ ಅದನ್ನು ಹೆಚ್ಚುವರಿ ಕಂತಾಗಿ ಹಾಕಿ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಅಂತ ಬಸ್ ಖರ್ಚನ್ನು ಸೊನ್ನೆ ಬರೆಯುವವರೂ ಇದ್ದಾರೆ. ನಮ್ಮ ಎಷ್ಟೋ ರೂಟುಗಳಲ್ಲಿ ಓಡುವುದು ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ತಗೊಳ್ಳಲೇಬೇಕು.

ಲೆಕ್ಕ ಮುಗಿದಾಗ ತಿಂಗಳಿಗೆ ಎಷ್ಟು ಉಳಿಯುತ್ತದೆ ಅಂತ ಒಂದು ಸಂಖ್ಯೆ ಸಿಗಬೇಕು. ಅದು ಸಾವಿರವಾದರೂ ಆಗಲಿ. ಸೊನ್ನೆಗಿಂತ ಕೆಳಗೆ ಬಂದರೆ ಮಾರಾಟದಿಂದ ಪ್ರಯೋಜನ ಇಲ್ಲ. ಮೊದಲು ಖರ್ಚು ಇಳಿಸಿ, ಇಲ್ಲವೇ ಸಾಲ ಕೊಟ್ಟವರ ಹತ್ತಿರ ಕಂತು ಚಿಕ್ಕದು ಮಾಡಲು ಮಾತಾಡಿ.

ಹಂತ 4: ಯಾವುದನ್ನು ಮೊದಲು ತೀರಿಸಬೇಕು?

ಒಂದು ಕಲ್ಪನೆಯ ಮನೆ ತಗೊಳ್ಳೋಣ. ವಿನೋಬನಗರದಲ್ಲಿ ಬಾಡಿಗೆ ಮನೆ, ಊರಲ್ಲಿ ಸ್ವಲ್ಪ ತೋಟ. ಕಾರ್ಡ್ ಬಾಕಿ 50,000. ಮೂರರ ಬಡ್ಡಿಗೆ ತಂದದ್ದು 60,000. ಚಿನ್ನದ ಸಾಲ 1,20,000, ವರ್ಷಕ್ಕೆ 10%. ಬೈಕಿನ ಸಾಲ 40,000. ಭಾವನ ಕೈಗಡ 25,000, ಬಡ್ಡಿಯಿಲ್ಲ. ಒಟ್ಟು 2,95,000.

ಇಂಥ ಮನೆಯಲ್ಲಿ ಮೊದಲು ಬರುವ ಮಾತು "ಬಂಗಾರ ಬಿಡಿಸೋಣ". ಬಂಗಾರ ಮರ್ಯಾದೆಯ ಪ್ರಶ್ನೆ, ಅರ್ಥವಾಗುತ್ತದೆ. ಆದರೆ ಲೆಕ್ಕ ನೋಡಿ. 1,20,000 ಚಿನ್ನದ ಸಾಲಕ್ಕೆ ತಿಂಗಳ ಬಡ್ಡಿ 1,000. ಕಾರ್ಡ್ ಮತ್ತು ಬಡ್ಡಿ ಸಾಲ ಸೇರಿ 1,10,000ಕ್ಕೆ ತಿಂಗಳಿಗೆ 3,865. ದುಡ್ಡು ಸೋರುತ್ತಿರುವುದು ಎಲ್ಲಿ ಅಂತ ಕಾಣುತ್ತದೆ.

ಹಾಗಾಗಿ ನಿಯಮ ಸರಳ. ಎಲ್ಲದಕ್ಕೂ ಕನಿಷ್ಠ ಕಂತು ಕಟ್ಟುತ್ತಾ, ಉಳಿದ ಪೂರ್ತಿ ಹಣವನ್ನು ಅತಿ ಹೆಚ್ಚು ಬಡ್ಡಿಯ ಒಂದೇ ಸಾಲಕ್ಕೆ ಹಾಕಿ. ಇಲ್ಲಿ ಅದು ಕಾರ್ಡ್. ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಬೇಡಿ. ಸಣ್ಣ ಸಾಲವೊಂದನ್ನು ಮೊದಲು ಮುಗಿಸಿದರೆ ಹುರುಪು ಬರುತ್ತದೆ ಅನ್ನುವವರಿದ್ದಾರೆ. ಸಾಲ ಎರಡು ಮೂರು ಸಾವಿರದ್ದಾದರೆ ಹಾಗೆ ಮಾಡಿ, ತಪ್ಪಿಲ್ಲ.

ಈ ನಿಯಮಕ್ಕೆ ಮೂರು ಕಡೆ ವಿನಾಯಿತಿ ಇದೆ.

ಒಂದು, ಸೊಸೈಟಿಯ ಬೆಳೆ ಸಾಲ. ರಾಜ್ಯದಲ್ಲಿ 5 ಲಕ್ಷದವರೆಗಿನ ಅಲ್ಪಾವಧಿ ಬೆಳೆ ಸಾಲ ಶೂನ್ಯ ಬಡ್ಡಿಯದು, ಆದರೆ ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ. ದಿನ ತಪ್ಪಿದರೆ ಶೂನ್ಯ ಹೋಗಿ ಬಡ್ಡಿ ಬರುತ್ತದೆ. ವಾಯಿದೆ ಹತ್ತಿರ ಬಂದರೆ ಅದಕ್ಕೇ ಮೊದಲ ಜಾಗ. ಅದನ್ನು ನವೀಕರಿಸಲು ಹತ್ತು ದಿನದ ಮಟ್ಟಿಗೆ ಅಂತ ಬಡ್ಡಿಯವರಿಂದ ಕೈಸಾಲ ತರುವ ಅಭ್ಯಾಸ ಊರೂರಲ್ಲಿ ಇದೆ. ಹತ್ತು ದಿನ ಎಷ್ಟೋ ಸಲ ಆರು ತಿಂಗಳಾಗುತ್ತದೆ.

ಎರಡು, ಅಡ ಇಟ್ಟ ಚಿನ್ನದ ಅವಧಿ ಮುಗಿಯುತ್ತಿದ್ದರೆ. ಹರಾಜಿನ ನೋಟಿಸ್ ಬರುವವರೆಗೆ ಕಾಯಬೇಡಿ. ಬಡ್ಡಿಯಷ್ಟನ್ನಾದರೂ ಕಟ್ಟಿ ನವೀಕರಿಸಲು ಆಗುತ್ತದಾ ಕೇಳಿ.

ಮೂರು, ಕೈಗಡ ಕೊಟ್ಟವರಿಗೇ ದುಡ್ಡು ಬೇಕಾದಾಗ, ಭಾವನ ಮಗಳ ಮದುವೆ ಬಂತು ಅನ್ನಿ. ಬಡ್ಡಿಯಿಲ್ಲದ ಕೈಗಡ ಪಟ್ಟಿಯಲ್ಲಿ ಕೊನೆಗೇ ಬರಲಿ, ಆದರೆ ಕೊಟ್ಟವರಿಗೆ ಅದು ಯಾವಾಗ ಬೇಕು ಅಂತ ಕೇಳಿ ಬರೆದುಕೊಳ್ಳಿ. "ಭಾವಾ, ಈ ವರ್ಷ ಅಡಿಕೆ ಕೊಟ್ಟ ಮೇಲೆ ಅರ್ಧ, ಮುಂದಿನ ವರ್ಷ ಅರ್ಧ, ಆಗಬಹುದಾ?" ಅಂತ ಮೊದಲೇ ಮಾತಾಡಿದರೆ ಸಂಬಂಧ ಉಳಿಯುತ್ತದೆ.

ಬ್ಯಾಂಕಿನ ವೈಯಕ್ತಿಕ ಸಾಲವನ್ನು ಅವಧಿಗೆ ಮೊದಲೇ ಮುಗಿಸುವ ಮುಂಚೆ ದಂಡ ಎಷ್ಟು ಅಂತ ಕೇಳಿ. ಸ್ಥಿರ ಬಡ್ಡಿಯ ಸಾಲಕ್ಕೆ ದಂಡ ಇರಬಹುದು. ಮೈಕ್ರೋಫೈನಾನ್ಸ್ ಸಾಲಕ್ಕೆ ಮಾತ್ರ ಮುಂಚಿತವಾಗಿ ಕಟ್ಟಿದರೆ ದಂಡ ಹಾಕುವ ಹಾಗಿಲ್ಲ. ಇದು 2022ರ ರಿಸರ್ವ್ ಬ್ಯಾಂಕ್ ನಿರ್ದೇಶನ.

ಹಂತ 5: ಏನು ಮಾರಬೇಕು, ಏನು ಮುಟ್ಟಬಾರದು

ಈಗ ಮನೆ ಸುತ್ತಿ. ಅಟ್ಟ, ಕೊಟ್ಟಿಗೆ, ಪಂಪಿನ ಶೆಡ್, ಮಂಚದ ಕೆಳಗೆ. ಕಳೆದ ಎರಡು ಮಳೆಗಾಲದಲ್ಲಿ ಒಮ್ಮೆಯೂ ಬಳಸದ ವಸ್ತುವನ್ನು ಪಟ್ಟಿಗೆ ಹಾಕಿ.

ಕೆಲವನ್ನು ಮುಟ್ಟಬೇಡಿ. ದುಡಿಮೆಗೆ ಬೇಕಾದ ಗಾಡಿ, ಹೊಲಿಗೆ ಯಂತ್ರ, ಕಂಪ್ಯೂಟರ್ ಇಂಥವು. ಎಲ್‌ಐಸಿ ಪಾಲಿಸಿಯನ್ನು ಶುರುವಿನ ವರ್ಷಗಳಲ್ಲಿ ಸರೆಂಡರ್ ಮಾಡಿದರೆ ಕಟ್ಟಿದ್ದಕ್ಕಿಂತ ತುಂಬಾ ಕಡಿಮೆ ಸಿಗುತ್ತದೆ, ಅದಕ್ಕೂ ಅವಸರ ಬೇಡ. ಫಸಲನ್ನು ಎಳೆಯದಾಗಿರುವಾಗಲೇ ಚೇಣಿಗೆ, ಅಂದರೆ ಗುತ್ತಿಗೆಗೆ ಕೊಟ್ಟು ಮುಂಗಡ ತರುವುದೂ ಇದೇ ಸಾಲಿನದು. ಕೈಗೆ ದುಡ್ಡು ಬೇಗ ಬರುತ್ತದೆ, ಆದರೆ ಕಷ್ಟದಲ್ಲಿರುವವನ ಚೇಣಿಗೆ ಒಳ್ಳೆ ದರ ಯಾರೂ ಕಟ್ಟುವುದಿಲ್ಲ.

ಹಳೆ ಮನೆಯವರು ಇದನ್ನು ಗಮನವಿಟ್ಟು ಓದಿ. ಕಂಬ, ಬಾಗಿಲು, ಪಂಚಲೋಹದ ಮೂರ್ತಿ, ತಾಳೆಗರಿ ಕಟ್ಟು ಕೇಳಿಕೊಂಡು ಗಾಡಿಯಲ್ಲಿ ಬರುವ ವ್ಯಾಪಾರಿಗಳು ಮಲೆನಾಡಿಗೆ ಹೊಸಬರಲ್ಲ. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಕಲಾವಸ್ತು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು ಪುರಾತನ ವಸ್ತುಗಳ ಲೆಕ್ಕಕ್ಕೆ ಬರುತ್ತವೆ. ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಬೀಟೆ, ಸಾಗುವಾನಿಯ ತೊಲೆ, ಹಲಗೆ ಸಾಗಿಸುವ ಮುಂಚೆ ಅರಣ್ಯ ಇಲಾಖೆಯಲ್ಲಿ ಕೇಳಿ. ಹಿತ್ತಲಲ್ಲಿ ನಿಂತ ಮರವನ್ನಂತೂ ಅನುಮತಿ ಇಲ್ಲದೆ ಕಡಿಸಬೇಡಿ. ಸಾಲದ ಮೇಲೆ ಕೇಸೂ ಸೇರಿಕೊಳ್ಳುತ್ತದೆ.

ಇನ್ನು ಅಡಿಕೆ. ಎಷ್ಟೋ ಮನೆಗಳಲ್ಲಿ ಮಾರದೇ ಉಳಿದ ಅತಿ ದೊಡ್ಡ ಆಸ್ತಿ ಅಟ್ಟದ ಮೇಲಿನ ಚೀಲಗಳು. ದರ ಏರಲಿ ಅಂತ ಕಾಯುತ್ತೇವೆ. ಸಾಲ ಇಲ್ಲದವರು ಧಾರಾಳವಾಗಿ ಕಾಯಲಿ. ಮೂರರ ಬಡ್ಡಿ ಕಟ್ಟುವವರು ಹೀಗೆ ಲೆಕ್ಕ ಹಾಕಬೇಕು: ರಾಶಿ ಅಡಿಕೆ ಕ್ವಿಂಟಾಲಿಗೆ 50,000 ಇದೆ ಅಂತಿಟ್ಟುಕೊಳ್ಳಿ. ಆರು ತಿಂಗಳು ಇಟ್ಟರೆ ಅಷ್ಟೇ ಮೊತ್ತದ ಸಾಲಕ್ಕೆ 9,000 ಬಡ್ಡಿ. ಅಂದರೆ ದರ 59,000 ದಾಟಿದರೆ ಮಾತ್ರ ಕಾದದ್ದಕ್ಕೆ ಲಾಭ. ತೂಕ ಇಳಿಯುವುದು, ಇಲಿ, ಮಳೆಗಾಲದ ಹಸಿ ಹಿಡಿಯುವುದು ಇವೆಲ್ಲ ಲೆಕ್ಕಕ್ಕೇ ಬಂದಿಲ್ಲ. ಪೂರ್ತಿ ಮಾರಲು ಮನಸ್ಸಿಲ್ಲ ಅಂದರೆ ಬಡ್ಡಿ ಸಾಲ ತೀರುವಷ್ಟನ್ನು ಕೊಟ್ಟು ಉಳಿದದ್ದು ಇಟ್ಟುಕೊಳ್ಳಿ. ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್‌ಕೋಸ್ ಮತ್ತು ಎಪಿಎಂಸಿಯ ಅವತ್ತಿನ ದರ ಎರಡನ್ನೂ ನೋಡಿ, ಬಿಲ್ ಹಾಕಿಸಿಯೇ ಕೊಡಿ. ಮನೆಗೆ ಬಂದು ಬಿಲ್ ಇಲ್ಲದೆ ಒಯ್ಯುವವರ ಹತ್ತಿರ ತೂಕಕ್ಕೂ ದುಡ್ಡಿಗೂ ಗ್ಯಾರಂಟಿ ಇಲ್ಲ.

ಹಂತ 6: ಮಾರುವ ಕ್ರಮ

*ಕಾಲ ನೋಡಿ ಮಾರಿ.* ಅಡಿಕೆ ಸುಲಿಯುವ ಯಂತ್ರಕ್ಕೆ ಒಳ್ಳೆ ಬೆಲೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಕೊಯ್ಲಿಗೆ ಮುಂಚೆ. ಔಷಧಿ ಹೊಡೆಯುವ ಪಂಪು, ಇನ್ವರ್ಟರ್ ಮೇ ತಿಂಗಳಲ್ಲಿ ಕೇಳುವವರಿರುತ್ತಾರೆ. ಕಳೆ ಹೊಡೆಯುವ ಯಂತ್ರಕ್ಕೆ ಗಿರಾಕಿ ಸಿಗುವುದು ಮಳೆ ಸ್ವಲ್ಪ ಬಿಡುವು ಕೊಟ್ಟು ಕಳೆ ಎದ್ದಾಗ. ಮರದ ಸಾಮಾನನ್ನು ಜುಲೈಯಲ್ಲಿ ಮಾರಲು ಹೋಗಬೇಡಿ. ಡ್ರಾಯರ್ ಉಬ್ಬಿ ಸಿಕ್ಕಿಹಾಕಿಕೊಂಡಿರುತ್ತದೆ, ಹಿಂದೆ ಬೂಷ್ಟು ಹಿಡಿದಿರುತ್ತದೆ. ಸಬ್ಸಿಡಿಯಲ್ಲಿ ತಂದ ಯಂತ್ರವಾದರೆ ಮಾರಬಹುದಾ ಅಂತ ಇಲಾಖೆಯಲ್ಲಿ ಕೇಳಿ.

*ಜಾಹೀರಾತು.* ಒಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಇದ್ದೇ ಇವೆ. ಆದರೆ ತೋಟದ ಯಂತ್ರಗಳು ಬೇಗ ಹೋಗುವುದು ಊರಿನ ವಾಟ್ಸ್‌ಆಪ್ ಗ್ರೂಪಿನಲ್ಲಿ. ಬೆಳಿಗ್ಗೆಯ ಬೆಳಕಲ್ಲಿ ಜಗಲಿಗೆ ತಂದು ನಾಲ್ಕು ಫೋಟೊ ತೆಗೆಯಿರಿ, ಒಂದು ಫೋಟೊ ದೋಷ ಇರುವ ಜಾಗದ್ದೇ ಇರಲಿ. ಬರೆಯುವುದು ಹೀಗೆ ಸಾಕು: "ಕಳೆ ಹೊಡೆಯುವ ಯಂತ್ರ, ನಾಲ್ಕು ವರ್ಷ ಹಳೆಯದು. ಸ್ಟಾರ್ಟ್ ಆಗುತ್ತದೆ, ಬಂದು ಓಡಿಸಿ ನೋಡಬಹುದು. ಬೆಲ್ಟ್ ಹರಿದಿದೆ. ಬಿಲ್ ಇದೆ. ತೀರ್ಥಹಳ್ಳಿ. 6,500." ಅದೇ ಥರದ ವಸ್ತುಗಳಿಗೆ ಬೇರೆಯವರು ಕೇಳುವ ಬೆಲೆ ನೋಡಿ ಸ್ವಲ್ಪ ಕೆಳಗೇ ಇಡಿ. ನೀವು ಕೊಂಡ ಬೆಲೆಯನ್ನು ಮರೆತುಬಿಡಿ.

ಮೊದಲ ಮೆಸೇಜು "ಅಣ್ಣಾ, ಲಾಸ್ಟ್ ಎಷ್ಟು?" ಅಂತಲೇ ಬರುತ್ತದೆ. ಅಲ್ಲೇ ಇಳಿಯಬೇಡಿ. "ಬಂದು ನೋಡಿ ಮಾರಾಯ್ರೆ, ಎದುರಿಗೆ ಮಾತಾಡೋಣ" ಅನ್ನಿ. ನಿಜವಾಗಿ ಬೇಕಾದವರು ಬರುತ್ತಾರೆ.

*ಪಾತ್ರೆ, ಗುಜರಿ.* ತಾಮ್ರ, ಹಿತ್ತಾಳೆ, ಕಂಚನ್ನು ಮನೆಯಲ್ಲೇ ಬೇರೆ ಮಾಡಿ, ತೂಕ ಬರೆದಿಟ್ಟುಕೊಳ್ಳಿ. ಮೂರಕ್ಕೂ ದರ ಬೇರೆ. ಒಂದೇ ಚೀಲದಲ್ಲಿ ಒಯ್ದರೆ ಕಡಿಮೆ ದರದ್ದನ್ನೇ ಎಲ್ಲದಕ್ಕೂ ಹಿಡಿಯುತ್ತಾರೆ. ಅಯಸ್ಕಾಂತ ಅಂಟಿದರೆ ಒಳಗೆ ಕಬ್ಬಿಣ ಇದೆ ಅಂತ. ಆಕಾರ ಚೆನ್ನಾಗಿರುವ ಹಂಡೆ, ಕೊಪ್ಪರಿಗೆಯನ್ನು ಗುಜರಿ ತೂಕಕ್ಕೆ ಹಾಕುವ ಮುಂಚೆ ಹೋಮ್‌ಸ್ಟೇಯವರಿಗೆ ಒಮ್ಮೆ ತೋರಿಸಿ.

*ಚಿನ್ನ.* ಅಡ ಇಡದೆ ಮನೆಯಲ್ಲಿ ಸುಮ್ಮನೆ ಬಿದ್ದಿರುವ ಮುರಿದ ಓಲೆ, ತುಂಡಾದ ಸರ ಇದ್ದರೆ ಮಾರಿ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದೇ ಅಂಗಡಿಯ ಮಾತು ಕೇಳಿ ಕೊಡಬೇಡಿ, ಎರಡು ಮೂರು ಕಡೆ ವಿಚಾರಿಸಿ. ತೂಕ ಮತ್ತು ಶುದ್ಧತೆಯ ಪರೀಕ್ಷೆ ನಿಮ್ಮೆದುರಿಗೇ ಆಗಲಿ. ಕಲ್ಲಿನ, ಅರಗಿನ ತೂಕ ಕಳೆಯುತ್ತಾರೆ, ಮಜೂರಿ ವಾಪಸ್ ಬರುವುದಿಲ್ಲ. ಆರು ಅಕ್ಷರ-ಅಂಕಿಯ ಹಾಲ್‌ಮಾರ್ಕ್ ಗುರುತು (ಎಚ್‌ಯುಐಡಿ) ಇದ್ದರೆ ಬಿಐಎಸ್ ಕೇರ್ ಆಪಿನಲ್ಲಿ ಎಷ್ಟು ಕ್ಯಾರೆಟ್ ಅಂತ ನೀವೇ ನೋಡಬಹುದು. "ಹಳೇದು ಕೊಟ್ಟು ಹೊಸದು ತಗೊಂಡ್ರೆ ರೇಟ್ ಜಾಸ್ತಿ ಕೊಡ್ತೀವಿ" ಅಂದಾಗ ಅಂಗಡಿಯಿಂದ ಎದ್ದು ಬನ್ನಿ. ನಿಮಗೆ ಬೇಕಾದ್ದು ದುಡ್ಡು. 2 ಲಕ್ಷ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ, ಖಾತೆಗೇ ಹಾಕಿಸಿಕೊಳ್ಳಿ.

*ಬೈಕ್, ಸ್ಕೂಟರ್.* ಸಾಲ ತೀರಿದ್ದರೆ ಮೊದಲು ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೊಟ್ಟು ಆರ್‌ಸಿಯಿಂದ ಸಾಲದ ನಮೂದು ತೆಗೆಸಿ. ಆಮೇಲೆ ಹೆಸರು ಬದಲಿಸಲು ಫಾರಂ 29, 30. ಬರೀ ಸಹಿ ಹಾಕಿದ ಫಾರಂ ಕೊಟ್ಟು "ಅವರೇ ಮಾಡ್ಕೋತಾರೆ" ಅಂತ ಬಿಡುವುದು ಇಲ್ಲಿ ತೀರಾ ಸಾಮಾನ್ಯ ತಪ್ಪು. ಹೆಸರು ಬದಲಾಗುವವರೆಗೆ ಕೆಎ 14 ಆಗಲಿ ಕೆಎ 15 ಆಗಲಿ, ಗಾಡಿಯ ದಂಡ, ಅಪಘಾತದ ಕೇಸು ನಿಮ್ಮ ಮನೆಗೇ ಬರುತ್ತದೆ. ಕೊಟ್ಟ ದಿನ, ಗಂಟೆ ಬರೆದು ಇಬ್ಬರೂ ಸಹಿ ಹಾಕಿ, ಕೊಂಡವರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ.

*ಮೊಬೈಲ್.* ಯುಪಿಐ ಆಪ್‌ಗಳಿಂದ ಹೊರಬಂದು, ಗೂಗಲ್ ಖಾತೆ ತೆಗೆದು, ಆಮೇಲೆ ರೀಸೆಟ್ ಮಾಡಿ. ಸಿಮ್, ಮೆಮೊರಿ ಕಾರ್ಡ್ ತೆಗೆದಿದ್ದೀರಾ ನೋಡಿ.

*ಮೋಸದ ಸುಳಿವು.* ಚೌಕಾಸಿಯೇ ಮಾಡದೆ ಒಪ್ಪಿ, "ನಾನು ಮಿಲಿಟರಿಯಲ್ಲಿದ್ದೀನಿ, ಈಗಲೇ ಅಡ್ವಾನ್ಸ್ ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಅಂದರೆ ಫೋನಿಡಿ. ದುಡ್ಡು ಪಡೆಯಲು ಸ್ಕ್ಯಾನ್ ಮಾಡುವುದೂ ಬೇಡ, ಪಿನ್ ಹಾಕುವುದೂ ಬೇಡ. ಸ್ಕ್ರೀನ್‌ಶಾಟ್ ನಂಬಬೇಡಿ, ಖಾತೆಯ ಬ್ಯಾಲೆನ್ಸ್ ನೋಡಿಯೇ ವಸ್ತು ಕೈಗೆ ಕೊಡಿ. ಮೋಸ ಆಗಿಬಿಟ್ಟರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಂತ 7: ದುಡ್ಡು ಬಂದ ದಿನವೇ ಸಾಲಕ್ಕೆ

ಮಾರಿದ ಹಣ ಒಂದು ರಾತ್ರಿಯೂ ಮನೆಯ ಖರ್ಚಿನ ಖಾತೆಯಲ್ಲಿ ಮಲಗಬಾರದು. ಯುಪಿಐ ಜೋಡಿಸದ, ಎಟಿಎಂ ಕಾರ್ಡ್ ಇಲ್ಲದ ಹಳೆ ಉಳಿತಾಯ ಖಾತೆ ಇದ್ದರೆ ಅದನ್ನೇ ಇದಕ್ಕೆ ಬಳಸಿ.

ನಮ್ಮ ಕಲ್ಪನೆಯ ಮನೆಗೆ ವಾಪಸ್ ಬರೋಣ. ಸ್ಕೂಟರ್, ಮುರಿದ ಬಂಗಾರ, ಯಂತ್ರ, ಪಾತ್ರೆ ಎಲ್ಲ ಸೇರಿ 50,000 ಬಂತು. ಕಾರ್ಡ್ ಬಾಕಿ ಮುಗಿಯಿತು. ಇನ್ನು ಮೇಲೆ ಕಾರ್ಡಿಗೆ ಕಟ್ಟುತ್ತಿದ್ದ 2,500 ಉಳಿಯುತ್ತದೆ. ಇಲ್ಲೇ ಎಲ್ಲರೂ ಸಡಿಲ ಬಿಡುವುದು. ಆ 2,500, ಬಡ್ಡಿ ಸಾಲಕ್ಕೆ ಕೊಡುತ್ತಿದ್ದ 1,800, ಬಜೆಟ್ಟಿನಲ್ಲಿ ಉಳಿಸಿದ 5,000 ಮೂರೂ ಸೇರಿ 9,300. ತಿಂಗಳಿಗೆ ಅಷ್ಟನ್ನು ಮೂರರ ಬಡ್ಡಿಯ 60,000ಕ್ಕೆ ಹಾಕಿದರೆ ಎಂಟನೇ ತಿಂಗಳಲ್ಲಿ ಅದೂ ಮುಗಿಯುತ್ತದೆ. ಬರೀ 1,800 ಕಟ್ಟುತ್ತಿದ್ದರೆ ಎಂಟು ವರ್ಷವಾದರೂ ಅಸಲು 60,000ವೇ.

ಖಾಸಗಿಯವರು ಕೆಲವರು "ಅಸಲು ಬಿಡಿಬಿಡಿಯಾಗಿ ಬೇಡ, ಒಟ್ಟಿಗೇ ಕೊಡಿ" ಅನ್ನುತ್ತಾರೆ. ಅವರಿಗೆ ಬಡ್ಡಿ ನಿಲ್ಲುವುದು ಇಷ್ಟವಿಲ್ಲ. ಹತ್ತು ಸಾವಿರದ ಲೆಕ್ಕದಲ್ಲಾದರೂ ತಗೊಳ್ಳಿ ಅಂತ ಒಪ್ಪಿಸಿ, ಕೊಟ್ಟದ್ದನ್ನು ಪ್ರೋನೋಟಿನ ಹಿಂದೆ ಬರೆಸಿ. ಖಾತೆಯ ಮೂಲಕವೇ ಕೊಡಿ. ಒಪ್ಪದಿದ್ದರೆ ಪೋಸ್ಟ್ ಆಫೀಸಿನಲ್ಲೋ ಬ್ಯಾಂಕಿನಲ್ಲೋ ಕೂಡಿಸಿ ಒಂದೇ ಸಲ ತೀರಿಸಿ.

ಅಪಾಯದ ಸೂಚನೆಗಳು

ಒಂದು ಕಂತು ಕಟ್ಟಲು ಇನ್ನೊಂದು ಕಡೆ ಸಾಲ ತೆಗೆದಿರಾ? ಮನೆಯವರಿಗೆ ಗೊತ್ತಿಲ್ಲದ ಸಾಲ ಒಂದಾದರೂ ಇದೆಯಾ? ಹೌದಾದರೆ ಒಂದನೇ ಹಂತಕ್ಕೆ ವಾಪಸ್ ಹೋಗಿ, ಪಟ್ಟಿ ಮತ್ತೆ ಬರೆಯಿರಿ.

ಸಾಲದ ಆಪ್ ಕಾಂಟ್ಯಾಕ್ಟ್, ಫೋಟೊ ನೋಡಲು ಅನುಮತಿ ಕೇಳಿದರೆ ಡಿಲೀಟ್ ಮಾಡಿ. "ಫೀಸು ಕೊಡಿ, ನಿಮ್ಮ ಸಾಲ ಅರ್ಧಕ್ಕೆ ಸೆಟಲ್ ಮಾಡಿಸ್ತೀವಿ" ಅನ್ನುವವರ ಹತ್ತಿರ ಹೋಗಬೇಡಿ. ಬ್ಯಾಂಕಿನ ಜೊತೆ ನೀವೇ ಮಾತಾಡಬಹುದು. ಆದರೆ ಸೆಟಲ್‌ಮೆಂಟ್ ಆದ ಸಾಲ ಸಿಬಿಲ್ ವರದಿಯಲ್ಲಿ "ಸೆಟಲ್ಡ್" ಅಂತಲೇ ಕೂರುತ್ತದೆ, "ಕ್ಲೋಸ್ಡ್" ಆಗುವುದಿಲ್ಲ. ಮುಂದೆ ಮನೆ ಸಾಲ ಕೇಳುವಾಗ ಅದು ಅಡ್ಡ ಬರುತ್ತದೆ.

ಬ್ಯಾಂಕ್, ಫೈನಾನ್ಸ್ ಕಂಪನಿಗಳ ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ಬೆದರಿಸುವಂತಿಲ್ಲ. ಮೊದಲು ಆ ಸಂಸ್ಥೆಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಸರಿಯಾಗದಿದ್ದರೆ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448. ನೋಂದಣಿಯಿಲ್ಲದ ಬಡ್ಡಿ ವ್ಯವಹಾರದವರ ಕಿರುಕುಳವಾದರೆ ಪೊಲೀಸ್ ಠಾಣೆಗೆ ಹೋಗಿ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಇದಕ್ಕೇ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಉಚಿತ ಕಾನೂನು ನೆರವಿಗೆ 15100.

ರಾತ್ರಿ ನಿದ್ದೆ ಬಾರದೆ, ಜೀವನವೇ ಬೇಡ ಅನ್ನಿಸುತ್ತಿದ್ದರೆ ಲೆಕ್ಕದ ಪುಸ್ತಕ ಪಕ್ಕಕ್ಕಿಡಿ. ಮನೆಯವರಲ್ಲಿ ಒಬ್ಬರಿಗೆ ಇವತ್ತೇ ಹೇಳಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹಂತ 8: ಮುಗಿದ ಸಾಲವನ್ನು ಕಾಗದದಲ್ಲೂ ಮುಗಿಸಿ

ಕೊನೆ ಕಂತು ಕಟ್ಟಿದರೆ ಕೆಲಸ ಮುಗಿಯಲಿಲ್ಲ. ಬ್ಯಾಂಕಿನಿಂದ "ಬಾಕಿ ಇಲ್ಲ" ಅನ್ನುವ ಪತ್ರ ತಗೊಳ್ಳಿ. ಆಸ್ತಿ ಪತ್ರ ಇಟ್ಟಿದ್ದರೆ ಸಾಲ ಪೂರ್ತಿ ತೀರಿದ 30 ದಿನದೊಳಗೆ ಅವರು ಮೂಲ ಪತ್ರ ವಾಪಸ್ ಕೊಡಬೇಕು. ಅವರಿಂದಲೇ ತಡವಾದರೆ ದಿನಕ್ಕೆ 5,000 ಪರಿಹಾರ ಕೇಳಬಹುದು.

ಕ್ರೆಡಿಟ್ ಕಾರ್ಡ್ ಬೇಡವೆಂದರೆ ಬಾಕಿ ಸೊನ್ನೆಯಾದ ಮೇಲೆ ಮುಚ್ಚಲು ಲಿಖಿತವಾಗಿ ಕೇಳಿ. 7 ಕೆಲಸದ ದಿನದಲ್ಲಿ ಮುಚ್ಚದಿದ್ದರೆ ಅವರು ದಿನಕ್ಕೆ 500 ಕೊಡಬೇಕು. ಕತ್ತರಿಸಿ ಬಿಸಾಡಿದರೆ ಕಾರ್ಡ್ ಮುಚ್ಚಿದ ಹಾಗಲ್ಲ, ವಾರ್ಷಿಕ ಫೀಸು ಬರುತ್ತಲೇ ಇರುತ್ತದೆ.

ಖಾಸಗಿ ಸಾಲದಲ್ಲಿ ಒಂದನೇ ಹಂತದ ಹಾಳೆ ತೆಗೆಯಿರಿ. ಕೊಟ್ಟಿದ್ದ ಖಾಲಿ ಚೆಕ್‌ಗಳ ನಂಬರ್ ನೋಡಿ, ಅಷ್ಟನ್ನೂ ವಾಪಸ್ ಇಸಿದುಕೊಳ್ಳಿ. ಪ್ರೋನೋಟಿನ ಮೇಲೆ "ಪೂರ್ತಿ ಚುಕ್ತಾ" ಅಂತ ದಿನಾಂಕ ಸಹಿತ ಬರೆಸಿ, ಮೂಲ ಪ್ರತಿಯನ್ನೇ ತನ್ನಿ. "ಎಲ್ಲೋ ಇದೆ, ಹುಡುಕಿ ಕೊಡ್ತೀನಿ" ಅಂದರೆ ಹಣ ಪೂರ್ತಿ ಬಂದಿದೆ, ಚೆಕ್ ಇನ್ನು ಬಳಸುವಂತಿಲ್ಲ ಅಂತ ಕಾಗದದಲ್ಲಿ ಬರೆಸಿಕೊಳ್ಳಿ. ಆ ಚೆಕ್‌ಗಳಿಗೆ ಬ್ಯಾಂಕಿನಲ್ಲಿ ಸ್ಟಾಪ್ ಪೇಮೆಂಟ್ ಕೊಡಿ.

ಒಂದೆರಡು ತಿಂಗಳು ಬಿಟ್ಟು ಕ್ರೆಡಿಟ್ ವರದಿ ಮತ್ತೆ ತೆಗೆಸಿ. ಮೊದಲ ಸಲ ಸಿಬಿಲ್‌ನದು ತೆಗೆಸಿದ್ದರೆ ಈಗ ಬೇರೆ ಸಂಸ್ಥೆಯದನ್ನು ಉಚಿತವಾಗಿ ತೆಗೆಸಬಹುದು. ತೀರಿಸಿದ ಸಾಲ ಇನ್ನೂ ಬಾಕಿ ಅಂತ ತೋರಿಸುತ್ತಿದ್ದರೆ ಆ ವರದಿ ಸಂಸ್ಥೆಯ ವೆಬ್‌ಸೈಟಿನಲ್ಲೇ ದೂರು ಹಾಕಿ, "ಬಾಕಿ ಇಲ್ಲ" ಪತ್ರ ಜೋಡಿಸಿ. 30 ದಿನದಲ್ಲಿ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಸಿಗಬೇಕು.